ಹನ್ನೆರಡನೆಯ ತುಂಡು

ಮೂರನೆಯ ಸಲ ಎಣಿಸಿದಾಗಲೂ ಹನ್ನೊಂದೇ.

ಅತ್ತಿಗೆ ರಕ್ಷಣಾ ಕನ್ನಡಕವನ್ನು ಮೂಗಿಗೆ ಒತ್ತಿಕೊಂಡು, ಮೇಜಿಗೆ ಹಚ್ಚಿದ್ದ ಕಪ್ಪು ಟೇಪಿನ ಮೇಲೆ ಬಗ್ಗಿದಳು. ಕೇಬಲ್ಲಿನ ಗಾಜಿನ ಎಳೆಗಳಿಂದ ಕತ್ತರಿಸಿದ ತುಂಡುಗಳು ಅಲ್ಲಿ ಸಾಲಾಗಿ ಅಂಟಿಕೊಂಡಿದ್ದವು. ಕೂದಲಿನಷ್ಟು ಸಣ್ಣ, ಆದರೆ ಕೂದಲಿನಷ್ಟು ಸಾಧುವಲ್ಲ. ಚರ್ಮಕ್ಕೆ ಹೊಕ್ಕರೆ ಒಳಗೇ ಮುರಿಯುತ್ತದೆ. ಹುಡುಕಿ ತೆಗೆಯುವಷ್ಟರಲ್ಲಿ ಡಾಕ್ಟರಿಗೂ ಬೆವರು. ಅದಕ್ಕೇ ನಿಯಮ: ಎಷ್ಟು ಎಳೆ ಕತ್ತರಿಸಿದೆಯೋ ಅಷ್ಟು ತುಂಡು ಟೇಪಿನ ಮೇಲಿರಬೇಕು. ಒಂದು ಕಡಿಮೆಯಾದರೂ ಬಾಯಿಬಿಟ್ಟು ಹೇಳಬೇಕು, ಕೆಲಸ ನಿಲ್ಲಿಸಿ ಹುಡುಕಬೇಕು.

ಕತ್ತರಿಸಿದ್ದು ಹನ್ನೆರಡು.

"ಏನಾಯ್ತು ಅತ್ತಿಗೆ?" ಯಂತ್ರಗಳ ಬೀರುವಿನ ಹಿಂದೆ ಕೇಬಲ್ ಕಟ್ಟುತ್ತಿದ್ದ ಮೈದುನ ಕೂಗಿದ. ಇಡೀ ಟೆಲಿಫೋನ್ ಕಚೇರಿ ಅವಳನ್ನು ಅತ್ತಿಗೆ ಎನ್ನುತ್ತಿದ್ದುದು ಇವನ ದೆಸೆಯಿಂದಲೇ. ಇವನು ಬಾಯಿತುಂಬ ಕರೆದ, ಊರೆಲ್ಲ ಕಲಿಯಿತು.

"ಒಂದು ತುಂಡು ಕಾಣ್ತಿಲ್ಲ ಕಣೋ. ನೀನು ಬಾಯ್ಮುಚ್ಕೊಂಡು ನಿನ್ನ ಕೆಲಸ ನೋಡು."

ಹಿಂದಿನ ಎರಡು ತಪಾಸಣೆಯಲ್ಲೂ ಅವಳು ಫೇಲಾಗಿದ್ದಳು. ಒಮ್ಮೆ ಕೇಬಲ್ ತುದಿಯ ಕನೆಕ್ಟರಿಗೆ ಧೂಳು ತಡೆಯುವ ಟೋಪಿ ಹಾಕದ್ದಕ್ಕೆ, ಇನ್ನೊಮ್ಮೆ ಅದರ ಧೂಳನ್ನು ಬಟ್ಟೆಯಿಂದ ಒರೆಸದೆ ಬಾಯಲ್ಲಿ ಉಫ್ ಎಂದು ಊದಿದ್ದಕ್ಕೆ. ಇದು ಮೂರನೆಯದು. ಇದರಲ್ಲೂ ಫೇಲಾದರೆ ಕೊರಳಿನ ಪರವಾನಗಿ ಕಾರ್ಡು ಹೋಗಿ, ಕೆಳಗೆ ದೂರಿನ ಕೌಂಟರಿನಲ್ಲಿ ಕೂತು ಊರವರ ಬೈಗುಳ ಕೇಳಬೇಕು. ಬೈಯುವ ಕೆಲಸವಾದರೆ ಸರಿ, ಅವಳು ನಿದ್ದೆಯಲ್ಲೂ ಮಾಡಿಯಾಳು. ಬೈಸಿಕೊಳ್ಳುವುದು ಅವಳ ಜಾಯಮಾನವೇ ಅಲ್ಲ.

ತಪಾಸಣೆಗೆ ಬಂದವನಿಗೆ ಕಚೇರಿಯವರು ಇಟ್ಟ ಹೆಸರು ಕೊಕ್ಕರೆ. ಉದ್ದ ಕಾಲು, ಉದ್ದ ಮೂಗು. ಅಲ್ಲಾಡದೆ ನಿಂತು ನೋಡುತ್ತಾನೆ, ಮೀನು ಕಂಡರೆ ಗಬಕ್. ಬೆಳಗಿನಿಂದ ಅವನಿಗೆ ಒಂದು ಮೀನೂ ಸಿಕ್ಕಿರಲಿಲ್ಲ. ಅತ್ತಿಗೆ ಎಳೆಯ ತುದಿಗೆ ಕಣ್ಣಿಡಲಿಲ್ಲ; ಒಳಗಿನ ಬೆಳಕು ಕಾಣುವುದಿಲ್ಲ, ಕಣ್ಣನ್ನು ಮಾತ್ರ ಸುಡುತ್ತದೆ. ಮೀಟರ್ ಹಿಡಿದು ಬೆಳಕಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕತ್ತರಿಸಿದಳು. ಕನೆಕ್ಟರು ಒರೆಸಿದಳು, ಟೋಪಿ ಹಾಕಿದಳು. ಕೊಕ್ಕರೆಯ ಮುಖ ಸಪ್ಪಗಾಗಿತ್ತು.

"ಪಕ್ಕದ ಕೋಣೇಲಿರೋ ಕೇಬಲ್ಲಿನ ಇನ್ನೊಂದು ತುದೀನೂ ಒಮ್ಮೆ ನೋಡ್ಬನ್ನಿ. ಇಬ್ಬರೂ ಹೋಗಿ," ಎಂದಿದ್ದ. ಅತ್ತಿಗೆ, ಮೈದುನ ಹೋಗಿ ಬರುವಷ್ಟರಲ್ಲಿ ಕೊಕ್ಕರೆ ಅವಳದೇ ಟೇಪಿನ ಸುರುಳಿಯಿಂದ ಹೆಬ್ಬೆರಳಿಗೆ ಎರಡು ಸುತ್ತು ಹಾಕಿಕೊಂಡು ಕೂತಿದ್ದ.

"ಅಯ್ಯೋ, ಚುಚ್ಚಿತಾ ಸಾರ್?" ಎಂದಿದ್ದಳು ಅತ್ತಿಗೆ.

"ಇನ್ನೂ ಇಲ್ಲ. ಮುಂಜಾಗ್ರತೆ." ಕೊಕ್ಕರೆ ಎದ್ದ. "ಹೊರಗೆ ಟೀ ಕುಡ್ಕೊಂಡು ಬರ್ತೀನಿ. ಇಲ್ಲಿ ಕುಡಿಯೋ ಹಾಗಿಲ್ವಲ್ಲ. ಅಷ್ಟರಲ್ಲಿ ತುಂಡು ಎಣಿಸಿಟ್ಟಿರಿ."

ಎಣಿಸಿಡಬೇಕಂತೆ! ಅವಳು ನೆಲಕ್ಕೆ ಟಾರ್ಚು ಬಿಟ್ಟು ನೋಡಿದಳು. ತೋಳಿಗೆ, ಕುರ್ಚಿಗೆ, ಚಪ್ಪಲಿಯ ಅಟ್ಟೆಗೆ ಟೇಪು ಒತ್ತಿ ನೋಡಿದಳು. ಊಹೂಂ. ಹೇಳಿದರೆ ಕೌಂಟರು. ಹೇಳದಿದ್ದರೆ ಆ ಗಾಜು ಯಾರ ಕಾಲಿಗೋ, ಯಾರ ಬೆರಳಿಗೋ. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ನಾಚಿಕೆ ಪಡುತ್ತಲೇ, ಮಿಕ್ಕಿದ್ದ ಒಂದು ಎಳೆಯನ್ನು ಕಟರಿಗಿಟ್ಟು ಒತ್ತಿದಳು. ತುಂಡನ್ನು ಚಿಮಟದಲ್ಲಿ ಹಿಡಿದು ಟೇಪಿಗೆ ಅಂಟಿಸಿದಳು.

ಹನ್ನೆರಡು.

"ಸಂಜೆ ನೆಲವನ್ನೆಲ್ಲ ಟೇಪು ಒತ್ತಿ ಹುಡುಕ್ತೀನಿ, ದೇವರಾಣೆ," ಎಂದು ಯಾರಿಗೋ ಹೇಳಿಕೊಂಡು ಕೊಕ್ಕರೆಯನ್ನು ಕರೆಯಲು ಹೋದಳು.

ಕೊಕ್ಕರೆ ಬಂದ. ಭೂತಗನ್ನಡಿ ಹಿಡಿದು, ಪೆನ್ನಿನ ತುದಿಯಿಂದ ಒಂದೊಂದೇ ತುಂಡು ತೋರಿಸುತ್ತ ಗಟ್ಟಿಯಾಗಿ ಎಣಿಸಿದ. "ಹತ್ತು... ಹನ್ನೊಂದು... ಹನ್ನೆರಡು..."

ಪೆನ್ನು ನಿಲ್ಲಲಿಲ್ಲ.

"ಹದಿಮೂರು."

ಅತ್ತಿಗೆ ಗಕ್ಕನೆ ಮೈದುನನ ಕಡೆ ತಿರುಗಿದಳು. ಅವನು ಛಾವಣಿ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ಮೆಲ್ಲಗೆ ಜೇಬಿನಲ್ಲಿದ್ದ ತನ್ನ ಕಟರನ್ನು ಮುಟ್ಟಿತು. ಅವಳು ಆಚೆ ಹೋಗಿದ್ದಾಗ ಈ ಪುಣ್ಯಾತ್ಮನೂ ಒಂದು ತುಂಡು ಕತ್ತರಿಸಿ ಅಂಟಿಸಿ ಅತ್ತಿಗೆಯ ಮಾನ ಉಳಿಸಿದ್ದ!

"ಕತ್ತರಿಸಿದ್ದು ಹನ್ನೆರಡು ಅಲ್ವಾ?" ಎಂದ ಕೊಕ್ಕರೆ.

"ಏಳನೇ ಎಳೆ ಮೊದಲು ಸೊಟ್ಟಗೆ ಕಟ್ ಆಯ್ತು ಸಾರ್. ಅದನ್ನ ಇನ್ನೊಂದ್ಸಲ ಕತ್ತರಿಸಿದೆ. ಅದಕ್ಕೇ ಒಂದು ಜಾಸ್ತಿ." ಸತ್ಯದ ತಲೆಯ ಮೇಲೆ ಹೊಡೆದಂತಿತ್ತು ಅತ್ತಿಗೆಯ ಸುಳ್ಳು.

"ಆಗತ್ತೆ, ಆಗತ್ತೆ. ಮನುಷ್ಯರ ಕೈ ತಾನೇ." ಕೊಕ್ಕರೆ ತಲೆಯಾಡಿಸಿ, ವರದಿಯಲ್ಲಿ 'ಹದಿಮೂರು' ಎಂದು ಬರೆದು, ಅವಳ ಮುಂದೆ ಸರಿಸಿದ. ಅವಳು ಸಹಿ ಹಾಕಿದಳು. ಹೋದ ಜೀವ ಬಂದಂತಾಯಿತು. ಮೈದುನ ಹಲ್ಲು ಕಿರಿದ.

ಕೊಕ್ಕರೆ ವರದಿಯನ್ನು ಮಡಚಿಟ್ಟುಕೊಂಡು, ಹೆಬ್ಬೆರಳಿನ ಟೇಪಿನ ಮೇಲಿನ ಸುತ್ತನ್ನು ನಿಧಾನವಾಗಿ ಬಿಚ್ಚಿ, ಅದಕ್ಕೆ ಅಂಟಿದ್ದ ಕೂದಲಿನಂಥ ಗಾಜಿನ ತುಂಡನ್ನು ಬೆಳಕಿಗೆ ಹಿಡಿದ: "ನಿಮ್ಮ ಹನ್ನೆರಡನೇದು ಇಲ್ಲಿದೆ, ಅತ್ತಿಗೆ. ನೀವಿಬ್ಬರೂ ಪಕ್ಕದ ಕೋಣೆಗೆ ಹೋಗಿದ್ದಾಗ ನಾನೇ ತೆಗೆದಿಟ್ಕೊಂಡಿದ್ದೆ."