ಗುರುತಿಲ್ಲದ ನಂಬರು

“ಹೆಂಡ್ತಿ ಫೋನೂ ಬೇಕಾ? ಅದ್ರೊಳ್ಗೆ ಎಂತ ಇರತ್ತ್ ಮೇಡಮ್, ದೇವ್ರ ಫೋಟೋ ಬಿಟ್ರೆ?” ಎನ್ನುತ್ತಲೇ ಚಂದಯ್ಯ ಮೂರನೆಯ ಫೋನನ್ನೂ ಠಾಣೆಯಲ್ಲಿ ಫೋನುಗಳ ತಪಾಸಣೆ ಮಾಡುವ ಸೌಜನ್ಯಳ ಮೇಜಿನ ಮೇಲಿಟ್ಟರು.

ಅವರ ಮಗಳು ಅನಿಷಾಳ ಮದುವೆ ಗೊತ್ತಾಗಿದ್ದ ಗುಲ್ವಾಡಿಯ ಮನೆಗೆ ಗುರುತಿಲ್ಲದ ನಂಬರಿನಿಂದ ನಾಲ್ಕು ಮೆಸೇಜು ಬಂದಿದ್ದವು. ‘ಹುಡುಗಿಗೆ ಮನಸ್ಸಿಲ್ಲ. ಅವಳಿಗೆ ಲಾ ಓದಿ ಮುಗಿಸಬೇಕು. ಒತ್ತಾಯ ಮಾಡಬೇಡಿ.’ ಗಂಡಿನ ಕಡೆಯವರು ಹಿಂದೆ ಸರಿದರು. ಇದು ಮಗಳ ಜೊತೆ ಓದಿದ ಉಲ್ಲಾಸನದೇ ಕೆಲಸವೆಂದು ಚಂದಯ್ಯ ದೂರು ಕೊಟ್ಟರು. ಕಿರಿಮಂಜೇಶ್ವರದ ಆ ಹುಡುಗ ಬೆಳಿಗ್ಗೆಯಿಂದ ಠಾಣೆಯ ಬೆಂಚಿನಲ್ಲಿ ಕೂತಿದ್ದ. ಅಪ್ಪನ ದೋಣಿ ಅವನನ್ನು ಬಿಟ್ಟೇ ಕಡಲಿಗಿಳಿದಿತ್ತು.

ಅವನ ಫೋನನ್ನು ಸೌಜನ್ಯ ಆಗಲೇ ಜಾಲಾಡಿದ್ದಳು. ಅಲ್ಲಿ ಏನೂ ಇರಲಿಲ್ಲ. ಅನಿಷಾಳದರಲ್ಲೂ ಇಲ್ಲ. ಆ ನಂಬರಾದರೋ ಯಾವ ಸಿಮ್ಮಿನದೂ ಅಲ್ಲ, ಒಂದು ಆ್ಯಪ್ ಹಾಕಿಕೊಂಡವರಿಗೆ ಪುಕ್ಕಟೆ ಸಿಗುವಂಥದ್ದು. ಹಾಗಾದರೆ ಬರೆದವರು ಯಾರು? ಕೇಸಿಗಿಂತ ಹೆಚ್ಚಾಗಿ ಆ ಕುತೂಹಲವೇ ಅವಳನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ.

ಮೂರನೆಯ ಫೋನಿನಲ್ಲಿ, ಪಂಚಾಂಗದ ಪಕ್ಕದಲ್ಲೇ, ಆ ಆ್ಯಪ್ ಇತ್ತು. ಒಳಗೆ ಒಂದು ಮೆಸೇಜೂ ಇಲ್ಲ, ಎಲ್ಲ ಅಳಿಸಿದ್ದಾರೆ. ಆದರೆ ಅಳಿಸಿದ ಮಾತು ಕೂಡಲೇ ಹೋಗುವುದಿಲ್ಲ. ಇನ್ನೊಂದು ಮಾತು ಬಂದು ಆ ಜಾಗ ಹಿಡಿಯುವವರೆಗೆ ಅಕ್ಷರಗಳು ಅಲ್ಲೇ ಬಿದ್ದಿರುತ್ತವೆ. ಸೌಜನ್ಯ ಅವನ್ನು ಒಂದೊಂದಾಗಿ ಹೆಕ್ಕಿದಳು. ಗುಲ್ವಾಡಿಗೆ ಹೋದ ನಾಲ್ಕೂ ಸಿಕ್ಕವು. ಅವಕ್ಕಿಂತ ವಾರದ ಹಿಂದಿನದು ಇನ್ನೂ ಒಂದಿಷ್ಟು ಸಿಕ್ಕಿತು. ಅದು ಹೋದದ್ದು ಚಂದಯ್ಯನವರ ನಂಬರಿಗೆ.

‘ಮಗಳಿಗೆ ಎರಡು ವರ್ಷ ಓದು ಬಾಕಿ ಇದೆ. ಒಮ್ಮೆ ಅವಳನ್ನು ಕೇಳಿ ನೋಡಿ.’

ಅದಕ್ಕೆ ಚಂದಯ್ಯ ಉತ್ತರ ಬರೆದಿದ್ದರು. ‘ಯಾರೋ ತಿಳಿದವರೇ ಇರಬೇಕು. ನೀವು ಹೇಳುವುದು ಸರಿ ಸರ್. ಆದರೆ ಮಾತು ಕೊಟ್ಟಾಗಿದೆ.’

ದೂರಿನಲ್ಲಿ ಈ ಸುದ್ದಿಯೇ ಇರಲಿಲ್ಲ.

ಸೌಜನ್ಯ ಚಂದಯ್ಯನವರ ಹೆಂಡತಿ ಹರಿಣಾಕ್ಷಿಯನ್ನು ಕರೆಸಿದಳು. ಬಂದವರು ಕಂಪ್ಯೂಟರಿನ ಪರದೆಯತ್ತ ಒಮ್ಮೆ ನೋಡಿ ಸೆರಗು ಬಿಗಿದುಕೊಂಡರು.

“ಇದೆಲ್ಲ ನಿಮ್ಗೆ ಯಾರ್ ಹೇಳ್ಕೊಟ್ಟದ್ ಅಮ್ಮ?”

“ಯಾರೂ ಇಲ್ಲೆ. ಯೂಟ್ಯೂಬ್ ಕಂಡ್ ಮಾಡ್ದೆ. ಸುಳ್ಳೊಂದೂ ಬರಿಲಿಲ್ಲೆ ನಾನ್,” ಎಂದರು.

“ಹೊರಗೆ ಬೆಂಚಲ್ಲಿ ಕೂತ ಮಾಣಿ ಕಂಡ್ರಿಯಾ? ಇದನ್ನ ಬರ್ದದ್ ಅವ್ನೇ ಅಂದೇಳಿ ಕರ್ಸಿದ್ದ್.”

ಉಲ್ಲಾಸನ ಮೇಲೆ ದೂರು ಕೊಟ್ಟ ಮಾತನ್ನು ಗಂಡ ಮನೆಯಲ್ಲಿ ಎತ್ತಿರಲೇ ಇಲ್ಲ. ಹರಿಣಾಕ್ಷಿ ಎದ್ದು ನೇರ, ಚಂದಯ್ಯ ಕೂತಿದ್ದ ಎಸ್.ಐ. ಅಶೋಕರ ಕೋಣೆಗೆ ನಡೆದರು. ಸೌಜನ್ಯ ಆ ಮೆಸೇಜುಗಳನ್ನು ಮುದ್ರಿಸಿದ ಕಾಗದ ಹಿಡಿದು ಹಿಂದೆಯೇ ಹೋದಳು.

“ಆ ಮಾಣಿನ ಬಿಡಿ ಸಾರ್. ಮೆಸೇಜ್ ಕಳ್ಸಿದ್ದ್ ನಾನ್.”

ಅಶೋಕ್ ಕಾಗದದ ಮೇಲೆ ಕಣ್ಣಾಡಿಸಿದರು, ಗಂಡ ಹೆಂಡಿರನ್ನು ಒಮ್ಮೆ ನೋಡಿದರು, ಉಲ್ಲಾಸನನ್ನು ಕಳಿಸಲು ತಾವೇ ಹೊರಗೆ ಹೋದರು.

ಚಂದಯ್ಯನವರಿಗೆ ಸಿಟ್ಟು ಬಂತೋ ನಾಚಿಕೆಯಾಯಿತೋ, ದನಿ ಮಾತ್ರ ಇಳಿದಿತ್ತು. “ಒಂದೇ ಮನೆಯೊಳ್ಗ್ ಇದ್ಕಂಡ್ ನನ್ಹತ್ರ ನೇರ ಹೇಳುಕ್ ಆಯ್ಲಿಲ್ಯಾ ನಿಂಗೆ?”

“ಹೇಳಿದ್ದೆ,” ಎಂದರು ಹರಿಣಾಕ್ಷಿ. “ಉಂಬುಕ್ ಬಡಿಸ್ವಾಗ ಎರಡ್ ಸಲ ಹೇಳ್ದೆ. ‘ನಿಂಗೆಂತ ಗೊತ್ತಿತ್ತ್, ಸುಮ್ನಿರ್’ ಅಂದ್ರಿ. ಅದೇ ಮಾತ್ ಗುರ್ತಿಲ್ದ ನಂಬ್ರದಿಂದ ಬಂದ್ರೆ, ‘ಸರಿ ಸರ್’ ಅಂದ್ರಿ.”