ಇಪ್ಪತ್ತೆರಡು ಖಾನೆಗಳು

"ಬೀಗ ತೆಗಿ ಅಂದ್ರೆ ತೆಗೀಬೇಕು!" ಗಂಡ ಮೇಜಿಗೆ ಗುದ್ದಿದ.

ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಅವನ ಹೆಂಡತಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಬಟ್ಟೆ ಒಣಹಾಕುವಾಗ ಜೇನುಹುಳು ಕುತ್ತಿಗೆಗೆ ಕಚ್ಚಿತ್ತು. ಕಾಲು ಗಂಟೆಯೊಳಗೆ ಮುಖ ಊದಿ ತುಟಿ ನೀಲಿಗಟ್ಟಿತ್ತು. ಒಂದೇ ಒಂದು ಇಂಜೆಕ್ಷನ್ ಸಾಕಿತ್ತು. ಅದು ನಾಲ್ಕು ಹೆಜ್ಜೆ ಆಚೆ, ಗಾಜಿನ ಕಪಾಟಿನಲ್ಲಿ, ಕಣ್ಣಿಗೆ ಕಾಣುವಂತೆಯೇ ಇತ್ತು. ಆದರೆ ಕಪಾಟಿನ ಬೀಗ ಕಂಪ್ಯೂಟರಿನ ಕೈಯಲ್ಲಿತ್ತು. ರೋಗಿಯ ದಾಖಲೆಯ ಇಪ್ಪತ್ತೆರಡು ಖಾನೆಗಳೂ ತುಂಬುವವರೆಗೆ ಅದು ತೆರೆಯುವುದಿಲ್ಲ.

ನರ್ಸ್ ಎರಡೇ ಬೆರಳಲ್ಲಿ ಕೀಲಿಮಣೆ ಕುಟ್ಟುತ್ತಿದ್ದಳು.

"ಹಿಂದೆ ಆಪರೇಷನ್ ಏನಾದ್ರೂ ಆಗಿತ್ತಾ?"

"ಇಲ್ಲ!"

"ಅವರ ತಾಯಿಗೆ ಸಕ್ಕರೆ ಕಾಯಿಲೆ ಇದೆಯಾ?"

"ನಮ್ಮತ್ತೆ ಸತ್ತು ಹತ್ತು ವರ್ಷ ಆಯ್ತು! ಜೀವ ಹೋಗ್ತಿರುವಾಗ ಯಾವ ಮುಠ್ಠಾಳ ಇದನ್ನೆಲ್ಲ ಕೇಳ್ತಾನೆ?"

"ದೊಡ್ಡವರು ಕೇಳಿ ಅಂದಿದಾರೆ ಸಾರ್. ಯಾಕೆ ಅಂತ ನಮ್ಮ ತಲೆಗೂ ಹೋಗಲ್ಲ."

ಹದಿನೇಳನೇ ಖಾನೆಯಲ್ಲಿ ಪರದೆ ನಿಂತುಬಿಟ್ಟಿತು. ಬಿಳಿ ಚಕ್ರವೊಂದು ಸುಮ್ಮನೆ ಸುತ್ತತೊಡಗಿತು. ಗಂಡನಿಗೆ ಮೈಯೆಲ್ಲ ಉರಿದುಹೋಯಿತು. ಮದ್ದು ಇಲ್ಲೇ ಇದೆ, ರೋಗಿ ಇಲ್ಲೇ ಇದ್ದಾಳೆ, ನಡುವೆ ಈ ಹಾಳು ಪೆಟ್ಟಿಗೆ!

"ನಾನ್ಯಾರು ಗೊತ್ತಾ ನಿನಗೆ?"

"ಗೊತ್ತು ಸಾರ್."

"ಹಾಗಾದ್ರೆ ಒಡಿ ಆ ಗಾಜನ್ನ!"

"ಒಡೆದ್ರೆ ಕೆಲಸ ಹೋಗುತ್ತೆ."

"ಹೋಗ್ಲಿ! ನಿನ್ನ ಕೆಲಸ ದೊಡ್ಡದಾ, ಅವಳ ಜೀವ ದೊಡ್ಡದಾ?"

ನರ್ಸ್ ಅವನನ್ನು ಒಂದು ಕ್ಷಣ ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಮಂಚದ ಕಡೆಯಿಂದ ಬರುತ್ತಿದ್ದ ಗೊರಗೊರ ಸದ್ದೂ ನಿಂತಿತು. ಅವಳು ಕುರ್ಚಿಯೆತ್ತಿ ಕಪಾಟಿಗೆ ಬೀಸಿದಳು. ಗಾಜು ನೆಲದ ತುಂಬ ಚೆಲ್ಲಿತು. ಅದರ ಮೇಲೇ ನಡೆದು ಬಂದು ಹೆಂಡತಿಯ ತೊಡೆಗೆ ಸೂಜಿ ಚುಚ್ಚಿ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿ, ನಾಡಿ ಹಿಡಿದು ನಿಂತಳು.

ಎರಡು ನಿಮಿಷ ಕಳೆಯಿತು. ಆಮೇಲೆ ಹೆಂಡತಿಯ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಅವಳು ಕಣ್ಣು ಬಿಟ್ಟಳು.

ಗಂಡ ಮಗುವಿನಂತೆ ಅತ್ತುಬಿಟ್ಟ. ಗದರಿಸಿದ್ದಕ್ಕೆ ನಾಚಿಕೆಯೂ ಆಯಿತು. ಎರಡೂ ಕೈ ಜೋಡಿಸಿದ. "ತಾಯೀ, ನಿಮ್ಮಂಥವರಿಗೆ ಕರೆದು ಸನ್ಮಾನ ಮಾಡ್ಬೇಕು."

"ಆಗಿದೆ ಸಾರ್." ನರ್ಸಿನ ದನಿ ಸಿಟ್ಟಿಗೆ ನಡುಗುತ್ತಿತ್ತು. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವನ ಮುಂದೆ ಹಿಡಿದಳು. "ಹೋದ ವಾರ ಕೂಲಿಯವರ ಮಗು ಒಂದಕ್ಕೆ ಹೀಗೇ ಗಾಜು ಒಡೆದಿದ್ದೆ. ಮಗು ಬದುಕಿತು. ಇವತ್ತು ಬೆಳಿಗ್ಗೆ ಇದು ಕೈಗೆ ಬಂತು. ನಾಳೆಯಿಂದ ನಾನು ಬರೋ ಹಾಗಿಲ್ಲ."

ಗಂಡ ಕಾಗದ ಬಿಡಿಸಲಿಲ್ಲ. ಆಸ್ಪತ್ರೆಯ ನಿರ್ದೇಶಕನ ಕುರ್ಚಿಯಲ್ಲಿ ಕೂತು ನಿನ್ನೆ ಸಂಜೆ ಅದಕ್ಕೆ ಸಹಿ ಹಾಕಿದವನು ಅವನೇ.