ಬೀದಿ ಕಡೆಯ ಕಿಟಕಿ

ಎದುರು ಅಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಮತ್ತೆ ಇತ್ತಲೇ ನೋಡಿದ. ಬಡಗಿಯ ಪಕ್ಕ ಕಿಟಕಿಯ ಹೊರಗೆ ನಿಂತಿದ್ದ ಮನೆಯಾಕೆ ಸೆರಗು ಬಿಗಿದುಕೊಂಡಳು.

ಹಳೆಯ ಕಿಟಕಿ ಬಾಗಿಲಿನ ಮೂರು ಮರದ ಪಟ್ಟಿಗಳು ಮುರಿದಿದ್ದವು. ಚೂರುಗಳೆಲ್ಲ ಬೀದಿಗೇ ಸಿಡಿದಿದ್ದವು. ಬಡಗಿ ಬರುವ ಮೊದಲೇ ಆಕೆ ಅವನ್ನು ಆಯ್ದು ಒಲೆಗೆ ಹಾಕಿದ್ದಳು.

"ಬೇಗ ಮುಗ್ಸಪ್ಪಾ. ಯಜಮಾನ್ರು ಬರೋದ್ರೊಳಗೆ ಆಗ್ಬೇಕು. ಹೀಗಿರೋದು ನೋಡಿದ್ರೆ ನನ್ನ ಚರ್ಮ ಸುಲೀತಾರೆ."

"ಮೂರು ಪಟ್ಟಿ ಮುರಿದಿದ್ದಕ್ಕಾ ಅಮ್ಮಾ?"

"ಅವನು ನೋಡ್ತಿದ್ದಾನಲ್ಲ, ಅದಕ್ಕೆ."

ಬಡಗಿ ತಿರುಗಿ ದುರುಗುಟ್ಟಿದ. ದರ್ಜಿ ಕಣ್ಣು ಕೀಳಲಿಲ್ಲ.

"ಹೋಗಿ ನಾಲ್ಕು ಮಾತು ಬಿಗಿದು ಬರ್ಲಾ?"

"ಅಯ್ಯೋ, ಬೇಡ! ನಿನ್ನ ಕೆಲಸ ನೋಡು."

ಹೊಸ ಪಟ್ಟಿಗಳು ಕೂತವು. ಅವನ್ನೆಲ್ಲ ಒಟ್ಟಿಗೆ ತೆರೆದು ಮುಚ್ಚುವ ಉದ್ದನೆಯ ಕೋಲೊಂದು ಬಾಕಿ ಉಳಿಯಿತು.

"ಇದನ್ನ ಒಳಗಡೆಯಿಂದ ಕೂರಿಸ್ಬೇಕಮ್ಮಾ."

"ಒಳಗೆ ಬೇಡ. ನಾದಿನಿಗೆ ಜ್ವರ. ಮಾತ್ರೆ ತಗೊಂಡು ಮಲಗಿದ್ದಾಳೆ."

ಬಡಗಿ ಸಂದಿಯಲ್ಲಿ ಇಣುಕಿದ. ಕತ್ತಲಲ್ಲಿ, ಹೊದಿಕೆಯೊಳಗೆ, ಯಾರೋ ಮುದುರಿಕೊಂಡಿದ್ದರು. ಪಾಪ ಎನಿಸಿತು. ಕೋಲನ್ನು ಬೀದಿಯ ಕಡೆಗೇ ಮೊಳೆ ಹೊಡೆದು ಕೂರಿಸಿದ. ಇಂಥ ತಲೆಕೆಳಗು ಕೆಲಸ ಅವನು ಎಂದೂ ಮಾಡಿರಲಿಲ್ಲ. ಕೆಳಗೆಳೆದ. ಪಟ್ಟಿಗಳು ಮುಚ್ಚಿಕೊಂಡವು. ಮನೆಯಾಕೆಗೆ ಹೋದ ಜೀವ ಬಂದಂತಾಯಿತು.

ಬಡಗಿ ಚೀಲ ಹೆಗಲಿಗೇರಿಸಿ ಹೊರಟ. ಸುಮ್ಮನೆ ತನ್ನ ಪಾಡಿಗೆ ತಾನು ಹೋಗಬಾರದೆ? ನೆಟ್ಟಗೆ ದರ್ಜಿಯ ಅಂಗಡಿಗೇ ನಡೆದ.

"ನಿಂಗೆ ಅಕ್ಕತಂಗಿಯರಿಲ್ವೇನಯ್ಯಾ? ಜ್ವರ ಬಂದು ಮಲಗಿರೋ ಹುಡುಗಿ ಕೋಣೇನ ಹಾಗೆ ನೋಡ್ತೀಯಲ್ಲ!"

ದರ್ಜಿ ಎದ್ದ. ಮಡಿಲಲ್ಲಿದ್ದ ಕತ್ತರಿ ಕೆಳಗೆ ಬಿತ್ತು. "ಯಾವ ಹುಡುಗಿ?"

"ಆ ಅಮ್ಮನ ನಾದಿನಿ."

ದರ್ಜಿ ಓಡಿ ರಸ್ತೆ ದಾಟಿದ. ಮನೆಯಾಕೆ ಇನ್ನೂ ಕಿಟಕಿಯ ಬಳಿಯೇ ಇದ್ದಳು. ಗಂಡ ಬಂದು ಕೇಳಿದರೆ ಏನು ಹೇಳುವುದು?

"ಅವಳು ಊರಲ್ಲೇ ಇಲ್ಲ ಅಂದಿದ್ರಲ್ಲ ನೀವು," ಎಂದ ಅವನು. ಉತ್ತರಕ್ಕೆ ಕಾಯದೆ ಕೋಲನ್ನು ಮೇಲೆತ್ತಿದ. ಪಟ್ಟಿಗಳೆಲ್ಲ ಒಮ್ಮೆಗೇ ತೆರೆದುಕೊಂಡವು.

"ಏಳೇ," ಎಂದು ಒಳಗಿನ ಕತ್ತಲಿಗೆ ಮುಖ ಒತ್ತಿ ಕರೆದ. "ನಿನ್ನ ಕೂಡಿಹಾಕಿರೋ ಬೀಗ ಒಡೆಸ್ತೀನಿ. ನಿನ್ನ ಗಂಡ ಬಂದಿದ್ದೀನಿ."